ಮನೆ ಬಿಟ್ಟ ಅನಾಥ, ಗೋಡೆಯ ಮೇಲಿನ ನಿಯಮ

ಹಿಮ ಮುಸುಕಿದ ಗುಡ್ಡಗಳ ನಡುವೆ ಒಂದು ಪುಟ್ಟ ರೈಲು ನಿಲ್ದಾಣ. ಮಕ್ಕಳಿಲ್ಲದ ದಂಪತಿಗಳು ಮಗುವೊಂದನ್ನು ದತ್ತು ಪಡೆಯಲು ಇಲ್ಲಿ ಇಳಿಯುತ್ತಾರೆ. ಬೇಡದ ಬಸಿರು ಹೊತ್ತ ಒಂಟಿ ಹೆಂಗಸರೂ ಇಲ್ಲಿಯೇ ಇಳಿಯುತ್ತಾರೆ. ಇಬ್ಬರೂ ಹತ್ತಬೇಕಾದದ್ದು ಒಂದೇ ದಿಬ್ಬ. ಆ ದಿಬ್ಬದ ಮೇಲೆ ಸೇಂಟ್ ಕ್ಲೌಡ್ಸ್ ಎಂಬ ಅನಾಥಾಲಯವಿದೆ. ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿ, ಎರಡನೆಯ ಮಹಾಯುದ್ಧದ ದಿನಗಳಲ್ಲಿ ನಡೆಯುವ ‘ದಿ ಸೈಡರ್ ಹೌಸ್ ರೂಲ್ಸ್’ ಚಿತ್ರದ ಕಥೆ ತೊಡಗುವುದು ಇಲ್ಲಿಂದ.

1999ರಲ್ಲಿ ತೆರೆಕಂಡ ಈ ಚಿತ್ರದ ನಿರ್ದೇಶಕರು ಸ್ವೀಡನ್ನಿನ ಲಾಸ್ಸೆ ಹಾಲ್‌ಸ್ಟ್ರಮ್. 1985ರಲ್ಲಿ ಪ್ರಕಟವಾದ ತಮ್ಮದೇ ಕಾದಂಬರಿಯನ್ನು ಚಿತ್ರಕಥೆಯಾಗಿ ಇಳಿಸಿದವರು ಅಮೆರಿಕದ ಲೇಖಕ ಜಾನ್ ಇರ್ವಿಂಗ್. ಈ ಇಳಿಸುವಿಕೆಗೆ ಅವರಿಗೆ ಹಿಡಿದದ್ದು ಹದಿಮೂರು ವರ್ಷ. ಅಷ್ಟರಲ್ಲಿ ನಾಲ್ವರು ನಿರ್ದೇಶಕರು ಬದಲಾಗಿದ್ದರು. 2000ದ ಮಾರ್ಚ್‌ನಲ್ಲಿ ಇರ್ವಿಂಗ್ ಅವರಿಗೆ ಚಿತ್ರಕಥೆಗಾಗಿಯೂ, ವೃದ್ಧ ವೈದ್ಯನ ಪಾತ್ರ ವಹಿಸಿದ ಮೈಕೇಲ್ ಕೇನ್ ಅವರಿಗೆ ಪೋಷಕ ನಟನೆಗಾಗಿಯೂ ಆಸ್ಕರ್ ಪ್ರಶಸ್ತಿ ಬಂದವು.

ಮೇಲುನೋಟಕ್ಕೆ ಇದು ನಮಗೆಲ್ಲ ಪರಿಚಿತವಾದ ಕಥೆ. ತಬ್ಬಲಿ ಹುಡುಗನೊಬ್ಬ ತಾನು ಬೆಳೆದ ಆಸರೆಯನ್ನು ಬಿಟ್ಟು ಲೋಕ ನೋಡಲು ಹೊರಡುತ್ತಾನೆ. ತಾನು ಯಾರೆಂದು ತಿಳಿದು ಹಿಂದಿರುಗುತ್ತಾನೆ. ಆದರೆ ಈ ಹುಡುಗ ತನ್ನ ಹೆತ್ತವರನ್ನು ಹುಡುಕುವುದೇ ಇಲ್ಲ. ಅವನ ಪಾಲಿಗೆ ‘ತಾನು ಯಾರು’ ಎಂಬ ಪ್ರಶ್ನೆ ನಿಧಾನವಾಗಿ ‘ಯಾರು ಮಾಡಿದ ನಿಯಮವನ್ನು ಯಾರು ಪಾಲಿಸಬೇಕು’ ಎಂಬ ಪ್ರಶ್ನೆಯಾಗಿ ಮಾರ್ಪಡುತ್ತದೆ. ಈ ಮಾರ್ಪಾಟನ್ನು ಅರ್ಥಮಾಡಿಕೊಳ್ಳಲು ಚಿತ್ರದ ಹಿಂದಿರುವ ಇತಿಹಾಸವನ್ನು ಸ್ವಲ್ಪ ಕೆದಕಬೇಕಾಗುತ್ತದೆ.

ಹೋಮರ್‌ನ ಕಥೆ

ಹೋಮರ್ ವೆಲ್ಸ್ ಹುಟ್ಟಿದ್ದು ಸೇಂಟ್ ಕ್ಲೌಡ್ಸ್‌ನಲ್ಲೇ. ಅವನ ಹೆಸರು ಕೂಡ ಅಲ್ಲಿನ ದಾದಿಯರು ಇಟ್ಟದ್ದು. ಎರಡು ಸಲ ಅವನನ್ನು ದತ್ತು ಕೊಡಲಾಗುತ್ತದೆ. ಎರಡು ಸಲವೂ ಅವನು ಹಿಂದಿರುಗುತ್ತಾನೆ. ಮೊದಲ ಮನೆಯವರಿಗೆ ಅಳದ ಮಗು ವಿಚಿತ್ರವಾಗಿ ಕಂಡಿತು. ಎರಡನೆಯ ಮನೆಯವರು ಹೊಡೆದು ಬಡಿದು ಅಳಿಸಿದರು. ಕೊನೆಗೆ ಅನಾಥಾಲಯದ ವೈದ್ಯ ಡಾ. ವಿಲ್ಬರ್ ಲಾರ್ಚ್ ಅವನನ್ನು ತನ್ನ ಬಳಿಯೇ ಇಟ್ಟುಕೊಂಡು, ಇಲ್ಲಿ ಇರುವುದಾದರೆ ಕೆಲಸಕ್ಕೆ ಬರಬೇಕು ಎಂದು ಹೆರಿಗೆ ಮಾಡಿಸುವುದನ್ನು ಕಲಿಸುತ್ತಾನೆ. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಹೋಮರ್ ಹದಿಹರೆಯ ಮುಗಿಯುವ ಹೊತ್ತಿಗೆ ನುರಿತ ಹೆರಿಗೆ ವೈದ್ಯನಾಗಿರುತ್ತಾನೆ.

ಲಾರ್ಚ್‌ನದು ಇನ್ನೊಂದು ಕೆಲಸವೂ ಇದೆ. ಬೇಡಿ ಬಂದ ಹೆಂಗಸರಿಗೆ ಅವನು ಗರ್ಭಪಾತವನ್ನೂ ಮಾಡುತ್ತಾನೆ. ಆ ಕಾಲಕ್ಕೆ ಅದು ಅಪರಾಧ. ಆ ವಿದ್ಯೆಯನ್ನೂ ಹೋಮರ್ ಕಲಿತಿದ್ದಾನೆ. ಆದರೆ ಮಾಡಲು ಒಪ್ಪುವುದಿಲ್ಲ. ತನ್ನ ತಾಯಿಯೂ ಅದನ್ನೇ ಬಯಸಿದ್ದರೆ ತಾನು ಇರುತ್ತಿರಲಿಲ್ಲವಲ್ಲ ಎಂಬುದು ತಬ್ಬಲಿಯೊಬ್ಬನ ಸಹಜ ಅಳುಕು. ಚಿತ್ರ ಈ ಅಳುಕನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಟೋಬಿ ಮ್ಯಾಗ್ವೈರ್ ಅವರ ಹೋಮರ್ ವಾದಿಸುವುದು ಕಡಿಮೆ. ಸುಮ್ಮನೆ ನಿಂತು ಇಲ್ಲವೆನ್ನುತ್ತಾನೆ.

ಒಂದು ದಿನ ಕಾರಿನಲ್ಲಿ ಯುವ ಜೋಡಿಯೊಂದು ಬರುತ್ತದೆ. ವಾಲಿ ಎಂಬ ಯುದ್ಧವಿಮಾನದ ಪೈಲಟ್, ಅವನ ಪ್ರೇಯಸಿ ಕ್ಯಾಂಡಿ. ಅವರ ಕೆಲಸ ಮುಗಿದು ಕಾರು ಹೊರಡುವಾಗ ಹೋಮರ್ ಕೂಡ ಅದರಲ್ಲಿ ಕುಳಿತಿರುತ್ತಾನೆ. ಅವನು ಮೊದಲ ಬಾರಿಗೆ ಸಮುದ್ರ ನೋಡುತ್ತಾನೆ. ಅಲ್ಲಿಯವರೆಗೆ ಅವನು ಕಂಡಿದ್ದ ಚಲನಚಿತ್ರವೆಂದರೆ ಅನಾಥಾಲಯದಲ್ಲಿ ಮತ್ತೆ ಮತ್ತೆ ತೋರಿಸುತ್ತಿದ್ದ, ಒಂದೇ ಜಾಗದಲ್ಲಿ ತುಂಡಾಗುತ್ತಿದ್ದ ‘ಕಿಂಗ್ ಕಾಂಗ್’ ಮಾತ್ರ. ವಾಲಿಯ ಮನೆಯವರ ಸೇಬಿನ ತೋಟದಲ್ಲಿ ಅವನು ಕೂಲಿಗೆ ಸೇರುತ್ತಾನೆ. ವಾಲಿ ಯುದ್ಧಕ್ಕೆ ಹೋದ ಮೇಲೆ ಕ್ಯಾಂಡಿಯೊಡನೆ ಪ್ರೇಮ ಬೆಳೆಯುತ್ತದೆ. ಬರ್ಮಾದ ಮೇಲೆ ವಾಲಿಯ ವಿಮಾನ ಉರುಳುತ್ತದೆ. ಅವನು ಬದುಕುಳಿದರೂ ಕಾಲುಗಳ ಸ್ವಾಧೀನ ಕಳೆದುಕೊಳ್ಳುತ್ತಾನೆ. ಅತ್ತ ಲಾರ್ಚ್, ತನ್ನ ನಂತರ ಹೋಮರನೇ ಬರಲೆಂದು ಸುಳ್ಳು ಪದವಿಪತ್ರಗಳನ್ನು ಸೃಷ್ಟಿಸುತ್ತಾ ಕುಳಿತಿರುತ್ತಾನೆ.

ಸೇಂಟ್ ಕ್ಲೌಡ್ಸ್ ಎಂಬ ಅನಾಥಾಲಯ ಕಲ್ಪನೆಯದು. ಆದರೆ ಅದರ ಇಟ್ಟಿಗೆಗಳೆಲ್ಲ ನಿಜವಾದ ಇತಿಹಾಸದಿಂದ ಬಂದವು.

ಸಾಲಾಗಿ ನಿಂತ ಮಕ್ಕಳು

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅನಾಥಾಲಯಗಳು ನಾಯಿಕೊಡೆಗಳಂತೆ ಎದ್ದವು. ಕಾಲರಾ, ಕ್ಷಯ, 1861ರಿಂದ 65ರವರೆಗಿನ ಅಂತರ್ಯುದ್ಧ, ಯೂರೋಪಿನಿಂದ ಬಂದಿಳಿದ ಬಡವರ ದಂಡು, ಕಾರ್ಖಾನೆಯ ಅಪಘಾತಗಳು ಇವೆಲ್ಲ ಮಕ್ಕಳನ್ನು ಬೀದಿಗೆ ತಂದವು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಇಂಥ ಸಂಸ್ಥೆಗಳಲ್ಲಿದ್ದ ಮಕ್ಕಳ ಸಂಖ್ಯೆ ಒಂದು ಲಕ್ಷ ಮೀರಿತ್ತು. ಆದರೆ ಇವರಲ್ಲಿ ಅನೇಕರು ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರಲ್ಲ. ತಂದೆ ಸತ್ತು, ತಾಯಿಗೆ ಸಾಕುವ ಶಕ್ತಿ ಇಲ್ಲದೆ ಬಿಟ್ಟುಹೋದ ‘ಅರೆ ಅನಾಥ’ರೇ ಹೆಚ್ಚು. ಅಂದರೆ ಅನಾಥಾಲಯ ಸಾವಿನಷ್ಟೇ ಬಡತನಕ್ಕೂ ಕಂಡುಕೊಂಡ ಉತ್ತರವಾಗಿತ್ತು.

ಇನ್ನೊಂದು ಉತ್ತರ ರೈಲು. ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಪಾದ್ರಿ 1853ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ನೆರವು ಸಂಘವೊಂದನ್ನು ಕಟ್ಟಿದ. ಬೀದಿಯ ಮಕ್ಕಳಿಗೆ ಸಂಸ್ಥೆಯ ಗೋಡೆಗಳಿಗಿಂತ ಹಳ್ಳಿಯ ಸಂಸಾರವೇ ಮೇಲು ಎಂಬುದು ಅವನ ನಂಬಿಕೆ. 1854ರಲ್ಲಿ ಮೊದಲ ತಂಡ ಮಿಷಿಗನ್ ರಾಜ್ಯಕ್ಕೆ ಹೊರಟಿತು. ಅಲ್ಲಿಂದ 1929ರವರೆಗೆ, ಮುಕ್ಕಾಲು ಶತಮಾನದಲ್ಲಿ, ಸುಮಾರು ಎರಡು ಲಕ್ಷ ಮಕ್ಕಳು ಹೀಗೆ ಪಶ್ಚಿಮದ ಊರುಗಳಿಗೆ ಸಾಗಿದರೆಂದು ಅಂದಾಜು. ಇತಿಹಾಸಕಾರರು ಇವನ್ನು ಅನಾಥರ ರೈಲುಗಳು ಎಂದೇ ಕರೆಯುತ್ತಾರೆ. ರೈಲು ನಿಂತ ಊರಿನ ಚರ್ಚಿನಲ್ಲೋ ನಾಟಕಶಾಲೆಯಲ್ಲೋ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ರೈತರು ಬಂದು ನೋಡಿ ಆಯ್ದುಕೊಳ್ಳುತ್ತಿದ್ದರು. ಕೆಲವರಿಗೆ ನಿಜವಾಗಿ ಅಪ್ಪ ಅಮ್ಮ ಸಿಕ್ಕರು; ಕೆಲವರು ಸಂಬಳವಿಲ್ಲದ ಆಳುಗಳಾದರು. ಅಣ್ಣ ಒಂದು ಊರಿನಲ್ಲಿ, ತಂಗಿ ಇನ್ನೊಂದು ಊರಿನಲ್ಲಿ ಇಳಿದು ಮತ್ತೆ ಭೇಟಿಯಾಗದ ಸಂಸಾರಗಳೂ ಇದ್ದವು.

ಚಿತ್ರದಲ್ಲಿ ದತ್ತು ಪಡೆಯಲು ಜನ ಬಂದಾಗ ಸೇಂಟ್ ಕ್ಲೌಡ್ಸ್‌ನ ಮಕ್ಕಳು ತಟ್ಟನೆ ನೆಟ್ಟಗೆ ನಿಂತು, ಇರುವುದರಲ್ಲಿ ಒಳ್ಳೆಯ ನಗುವನ್ನು ಮುಖಕ್ಕೆ ತಂದುಕೊಳ್ಳುವ ದೃಶ್ಯವಿದೆ. ಆಯ್ಕೆಯಾಗದೆ ಉಳಿದವನ ಮುಖವನ್ನು ಕ್ಯಾಮೆರಾ ಬಿಡದೆ ನೋಡುತ್ತದೆ. ಆ ಸಾಲಿನ ಹಿಂದೆ ಇರುವುದು ಈ ರೈಲುಗಳ ನೆನಪು.

ಈ ವ್ಯವಸ್ಥೆಯನ್ನು ಪ್ರಶ್ನಿಸಿದವರಲ್ಲಿ ಅನಾಥಾಲಯದಲ್ಲೇ ಬೆಳೆದವನೊಬ್ಬನಿದ್ದ ಎಂಬುದು ಗಮನಿಸಬೇಕಾದ ಸಂಗತಿ. ಜೇಮ್ಸ್ ವೆಸ್ಟ್ ಎಂಬಾತ ಎಳೆಯ ವಯಸ್ಸಿನಲ್ಲೇ ತಬ್ಬಲಿಯಾಗಿ ವಾಷಿಂಗ್ಟನ್ನಿನ ಅನಾಥಾಲಯ ಸೇರಿದ್ದ. ಕ್ಷಯದಿಂದ ಒಂದು ಕಾಲು ಊನವಾಗಿತ್ತು. ಅವನು ಓದಿ ವಕೀಲನಾದ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ರ ವಿಶ್ವಾಸ ಗಳಿಸಿದ. ಅವನ ಒತ್ತಾಯದಿಂದಲೇ 1909ರ ಜನವರಿಯಲ್ಲಿ ಶ್ವೇತಭವನದಲ್ಲಿ ನಿರ್ಗತಿಕ ಮಕ್ಕಳ ಬಗೆಗಿನ ಮೊದಲ ರಾಷ್ಟ್ರೀಯ ಸಮಾವೇಶ ನಡೆಯಿತು. ಬಡತನವೊಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರ್ಪಡಿಸಬಾರದು ಎಂದು ಅದು ಸಾರಿತು. 1911ರಿಂದ ಒಂದೊಂದೇ ರಾಜ್ಯ ಬಡ ತಾಯಂದಿರಿಗೆ ಮಾಸಾಶನ ಕೊಡತೊಡಗಿತು. 1935ರ ಸಾಮಾಜಿಕ ಭದ್ರತಾ ಕಾಯಿದೆ ಅದನ್ನು ದೇಶಕ್ಕೆಲ್ಲ ಹರಡಿತು. ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಲು ತಾಯಿಗೆ ನೆರವು ಸಿಕ್ಕಮೇಲೆ ಅನಾಥಾಲಯಗಳು ಕ್ರಮೇಣ ಬರಿದಾದವು. ಹೋಮರ್ ಇದ್ದದ್ದು ಈ ವ್ಯವಸ್ಥೆಯ ಸಂಜೆಯಲ್ಲಿ.

ಡಾಕ್ಟರ ಗುಟ್ಟು

ಲಾರ್ಚ್ ಮಾಡುತ್ತಿದ್ದ ಎರಡನೆಯ ಕೆಲಸಕ್ಕೂ ಒಂದು ಇತಿಹಾಸವಿದೆ. ಅಮೆರಿಕದಲ್ಲಿ ಗರ್ಭಪಾತದ ವಿರುದ್ಧ ಕಾನೂನು ಮೊದಲು ಬಂದದ್ದು 1821ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ. 1857ರಿಂದ ಅಮೆರಿಕದ ವೈದ್ಯರ ಸಂಘವೇ ಮುಂದೆ ನಿಂತು ಚಳವಳಿ ನಡೆಸಿತು. 1880ರ ಸುಮಾರಿಗೆ ಬಹುತೇಕ ಎಲ್ಲ ರಾಜ್ಯಗಳಲ್ಲೂ ಅದು ಅಪರಾಧವಾಗಿತ್ತು. ತಾಯಿಯ ಪ್ರಾಣಕ್ಕೆ ಸಂಚಕಾರವಿದ್ದರೆ ಮಾತ್ರ ಸಾಮಾನ್ಯವಾಗಿ ವಿನಾಯಿತಿ. ಕಾನೂನು ಬಂದ ಮಾತ್ರಕ್ಕೆ ಗರ್ಭಪಾತ ನಿಲ್ಲಲಿಲ್ಲ. ಅದು ಹಿತ್ತಿಲಿಗೆ ಸರಿಯಿತು. 1930ರಲ್ಲಿ ಸುಮಾರು 2,700 ಹೆಂಗಸರ ಸಾವಿಗೆ ಗರ್ಭಪಾತವೇ ಕಾರಣವೆಂದು ಸರ್ಕಾರಿ ದಾಖಲೆಗಳಲ್ಲಿ ನಮೂದಾಗಿತ್ತು. ಆ ವರ್ಷ ಬಸಿರು ಬಾಣಂತನದಲ್ಲಿ ಸತ್ತವರಲ್ಲಿ ಇದು ಹೆಚ್ಚುಕಡಿಮೆ ಐದರಲ್ಲೊಂದು ಪಾಲು. ಬರೆದಿಡದೆ ಹೋದ ಸಾವುಗಳು ಇದರಲ್ಲಿ ಸೇರಿಲ್ಲ.

ಕಾದಂಬರಿಯಲ್ಲಿ ಲಾರ್ಚ್‌ನ ಯೌವನದ ಕಥೆ ವಿವರವಾಗಿ ಬರುತ್ತದೆ. ಬಾಸ್ಟನ್ನಿನಲ್ಲಿ ಎಳೆಯ ವೈದ್ಯನಾಗಿದ್ದಾಗ ನೆರವು ಕೇಳಿ ಬಂದ ಹೆಣ್ಣೊಬ್ಬಳನ್ನು ಅವನು ಬರಿಗೈಲಿ ಕಳಿಸುತ್ತಾನೆ. ಆಕೆ ಬೇರೆ ಕೈಗಳಿಗೆ ಸಿಕ್ಕಿ ಸಾಯುತ್ತಾಳೆ. ಮಾಡಲಾರೆ ಎಂದು ಹೇಳುವುದೂ ಒಂದು ಕ್ರಿಯೆಯೇ, ಅದಕ್ಕೂ ತಾನು ಹೊಣೆ ಎಂದು ಅವನಿಗೆ ಅರಿವಾಗುವುದು ಆಗ. ಅವನು ಈಥರ್ ಮೂಸಿ ಮಲಗುವ ಚಟ ಹತ್ತಿಸಿಕೊಂಡವನು ಕೂಡ. ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಜನರೆದುರು ತೋರಿಸಿಕೊಟ್ಟದ್ದು ಇದೇ ಬಾಸ್ಟನ್ನಿನಲ್ಲಿ, 1846ರ ಅಕ್ಟೋಬರ್ 16ರಂದು. ಲೋಕದ ನೋವನ್ನು ತಗ್ಗಿಸಿದ ಆ ದ್ರವವೇ ಕೊನೆಗೆ ಲಾರ್ಚ್‌ನ ಪ್ರಾಣ ತೆಗೆಯುತ್ತದೆ. ಕೇನ್ ಅವರ ಅಭಿನಯದಲ್ಲಿ ಅವನು ಸಂತನಾಗಿ ಕಾಣುವುದಿಲ್ಲ. ಸುಳ್ಳು ಹೇಳುವ, ಕಾನೂನು ಮುರಿಯುವ, ಮಕ್ಕಳನ್ನು ಅಪಾರವಾಗಿ ಪ್ರೀತಿಸುವ, ದಣಿದ ಮುದುಕನಾಗಿ ಕಾಣುತ್ತಾನೆ.

ಗೋಡೆಯ ಮೇಲಿನ ಹಾಳೆ

ಚಿತ್ರದ ಹೆಸರು ಬಂದದ್ದು ಸೇಬಿನ ತೋಟದಿಂದ. ಸೈಡರ್ ಎಂದರೆ ಸೇಬನ್ನು ಅರೆದು ಹಿಂಡಿ ತೆಗೆಯುವ ಪಾನೀಯ. ಅದನ್ನು ತಯಾರಿಸುವ ಜಾಗ ನಮ್ಮ ಕಡೆಯ ಆಲೆಮನೆಯನ್ನು ನೆನಪಿಸುತ್ತದೆ. ಕೊಯ್ಲಿನ ಕಾಲಕ್ಕೆ ಬರುವ ಕರಿಯ ವಲಸೆ ಕೂಲಿಗಳು ಮಲಗುವುದು ಅಲ್ಲಿಯೇ. ಅದರ ಗೋಡೆಯ ಮೇಲೆ ನಿಯಮಗಳ ಪಟ್ಟಿಯೊಂದು ಅಂಟಿಸಿದೆ: ಹಾಸಿಗೆಯಲ್ಲಿ ಬೀಡಿ ಸಿಗರೇಟು ಸೇದಬಾರದು, ಕುಡಿದು ಯಂತ್ರ ಮುಟ್ಟಬಾರದು, ಮಾಡಿನ ಮೇಲೆ ಹತ್ತಬಾರದು ಇತ್ಯಾದಿ. ಕೂಲಿಗಳಿಗೆ ಓದಲು ಬಾರದು. ಓದಿ ಹೇಳಿದವನು ಹೋಮರ್. ಕೇಳಿದವರಿಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಈ ಮನೆಯಲ್ಲಿ ಒಂದು ರಾತ್ರಿಯೂ ಮಲಗದವರು ಬರೆದ ನಿಯಮ ತಮ್ಮದಲ್ಲ ಎಂಬುದು ಮೇಸ್ತ್ರಿ ಆರ್ಥರ್ ರೋಸ್‌ನ ಮಾತಿನ ಸಾರ.

ಇದು ಬರೀ ಸಂಕೇತವಲ್ಲ. 1935ರ ಸಾಮಾಜಿಕ ಭದ್ರತಾ ಕಾಯಿದೆ ಬಡ ತಾಯಂದಿರ ಕೈಹಿಡಿದದ್ದನ್ನು ಮೇಲೆ ನೋಡಿದೆವು. ಅದೇ ಕಾಯಿದೆ ಮುಪ್ಪಿನ ಪಿಂಚಣಿಯಿಂದ ಕೃಷಿಕಾರ್ಮಿಕರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಅದೇ ವರ್ಷದ ಕಾರ್ಮಿಕ ಸಂಘಗಳ ಕಾಯಿದೆ, 1938ರ ಕನಿಷ್ಠ ಕೂಲಿ ಕಾಯಿದೆ ಎರಡೂ ಹೊಲದ ಕೂಲಿಗಳನ್ನು ಬಿಟ್ಟುಬಿಟ್ಟವು. ಆಗಿನ ಕರಿಯ ಕಾರ್ಮಿಕರಲ್ಲಿ ಬಹುಪಾಲು ಜನ ಇದ್ದದ್ದು ಈ ಎರಡು ಕಸುಬುಗಳಲ್ಲಿ. ಕೂಲಿಗಳ ಹೆಸರಿನಲ್ಲಿ ಬರೆದ ಕಾನೂನಿನಲ್ಲಿ ಈ ಕೂಲಿಗಳಿರಲಿಲ್ಲ. ಗೋಡೆಯ ಮೇಲಿನ ಹಾಳೆ ವಾಷಿಂಗ್ಟನ್ನಿನಲ್ಲೂ ಅಂಟಿಸಲ್ಪಟ್ಟಿತ್ತು ಎನ್ನಬಹುದು.

ಕಥೆಯ ಗಂಟು ಬಿಚ್ಚುವುದು ಇಲ್ಲಿಯೇ. ಮೇಸ್ತ್ರಿಯ ಮಗಳು ರೋಸ್ ರೋಸ್ ಬಸಿರಾಗಿದ್ದಾಳೆ. ಕಾರಣ ಅವಳ ಸ್ವಂತ ತಂದೆ. ಹೊರಗಿನವರ ನಿಯಮ ಬೇಡವೆಂದ ಮನುಷ್ಯನೇ ತನ್ನ ಮನೆಯ ಮೊದಲ ನಿಯಮವನ್ನು ಮುರಿದಿರುತ್ತಾನೆ. ಸುತ್ತಮುತ್ತ ಆ ಹುಡುಗಿಗೆ ನೆರವಾಗಬಲ್ಲ ಕೈ ಒಂದೇ. ಅದು ತಾನಿದನ್ನು ಮಾಡುವುದಿಲ್ಲ ಎಂದುಕೊಂಡು ಅನಾಥಾಲಯ ಬಿಟ್ಟುಬಂದ ಹೋಮರ್‌ನದು. ಅವನು ಆ ಕೆಲಸ ಮಾಡುತ್ತಾನೆ. ಅವನ ಹಿಂದಿನ ನಿಲುವು ತಪ್ಪಾಗಿತ್ತೆಂದು ಚಿತ್ರ ಭಾಷಣ ಮಾಡುವುದಿಲ್ಲ. ನಿಲುವನ್ನು ದೂರದಲ್ಲಿ ನಿಂತು ಹೇಳುವುದು ಬೇರೆ, ಎದುರಿಗೆ ಮನುಷ್ಯರು ನಿಂತಾಗ ತೀರ್ಮಾನಿಸುವುದು ಬೇರೆ ಎಂಬುದನ್ನಷ್ಟೇ ತೋರಿಸುತ್ತದೆ.

ಇಲ್ಲಿ ಚಿತ್ರದ ಒಂದು ಕೊರತೆಯನ್ನೂ ಹೇಳಬೇಕು. ಆ ತೋಟದ ಏಕೈಕ ಕರಿಯ ಸಂಸಾರದ ಮೇಲೆ ಅತ್ಯಂತ ಘೋರವಾದ ಪಾಪವನ್ನು ಹೊರಿಸಿ, ಅವರ ದುರಂತವನ್ನು ಬಿಳಿಯ ಯುವಕನ ಪಾಠಕ್ಕೆ ಮೆಟ್ಟಿಲಾಗಿ ಮಾಡಿಕೊಂಡಿದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಡೆಲ್‌ರಾಯ್ ಲಿಂಡೊ, ಎರಿಕಾ ಬಾಡು ಇಬ್ಬರೂ ಆ ಪಾತ್ರಗಳಿಗೆ ಘನತೆ ತಂದಿದ್ದಾರೆ. ಆದರೂ ಸೈಡರ್ ಮನೆಯ ಕಥೆಯನ್ನು ಬರೆದವರು ಸೈಡರ್ ಮನೆಯಲ್ಲಿ ಮಲಗಿದವರಲ್ಲ. ಚಿತ್ರ ಕೇಳುವ ಪ್ರಶ್ನೆ ಚಿತ್ರಕ್ಕೂ ಅನ್ವಯಿಸುತ್ತದೆ.

ರಕ್ತಸಂಬಂಧವಿಲ್ಲದ ತಾತ

ಇರ್ವಿಂಗ್ ಅವರಿಗೆ ಈ ಕಥೆ ಎಲ್ಲಿಂದ ಬಂತು? 1942ರಲ್ಲಿ ಹುಟ್ಟಿದ ಅವರು ತಮ್ಮ ಹೆತ್ತ ತಂದೆಯನ್ನು ಎಂದೂ ಕಾಣಲಿಲ್ಲ. ತಾಯಿ ಮರುಮದುವೆಯಾದರು, ಮಗುವಿಗೆ ಮಲತಂದೆಯ ಹೆಸರೇ ಹೆಸರಾಯಿತು. ಹೆತ್ತ ತಂದೆ ಮಹಾಯುದ್ಧದಲ್ಲಿ ಪೈಲಟ್ ಆಗಿದ್ದರೆಂದೂ, 1943ರಲ್ಲಿ ಬರ್ಮಾದ ಮೇಲೆ ಅವರ ವಿಮಾನವನ್ನು ಹೊಡೆದುರುಳಿಸಲಾಯಿತೆಂದೂ, ಅವರು ಬದುಕಿ ಬಂದರೆಂದೂ ಮಗನಿಗೆ ತಿಳಿದದ್ದು 1981ರಲ್ಲಿ. ಆಗ ಮಗನಿಗೆ ನಲವತ್ತು ತುಂಬುತ್ತಿತ್ತು. ನಾಲ್ಕು ವರ್ಷಗಳ ನಂತರ ಬಂದ ಕಾದಂಬರಿಯಲ್ಲಿ ವಾಲಿಯ ವಿಮಾನ ಬರ್ಮಾದ ಮೇಲೆಯೇ ಉರುಳುತ್ತದೆ.

ಹಾಗಿದ್ದರೂ ಕಾದಂಬರಿಯ ಬೆನ್ನೆಲುಬು ಆ ಪೈಲಟ್ ಅಲ್ಲ, ವೈದ್ಯ ಲಾರ್ಚ್. ಮಲತಂದೆಯ ತಂದೆ ಡಾ. ಫ್ರೆಡರಿಕ್ ಇರ್ವಿಂಗ್ ಬಾಸ್ಟನ್ನಿನ ಹೆಸರಾಂತ ಹೆರಿಗೆ ಆಸ್ಪತ್ರೆಯ ಮುಖ್ಯಸ್ಥರಾಗಿದ್ದವರು. 1942ರಲ್ಲಿ ಅವರು ಹೆರಿಗೆ ವೈದ್ಯದ ಇತಿಹಾಸವನ್ನು ಕುರಿತು ಒಂದು ಪುಸ್ತಕ ಬರೆದರು. ಲಾರ್ಚ್‌ನ ಕಾಲದ ವೈದ್ಯಕೀಯ ವಿವರಗಳಿಗೆ ಮೊಮ್ಮಗ ಈ ತಾತನ ಬರಹಕ್ಕೆ ಋಣಿ. ರಕ್ತದಿಂದ ಬಂದ ತಂದೆ ಕಥೆಗೆ ಒಂದು ಘಟನೆಯನ್ನು ಕೊಟ್ಟರೆ, ರಕ್ತಸಂಬಂಧವಿಲ್ಲದ ತಾತ ಇಡೀ ಒಂದು ಲೋಕವನ್ನು ಕೊಟ್ಟರು. ಹೋಮರ್‌ಗೆ ಆದದ್ದೂ ಅದೇ ಅಲ್ಲವೆ? ಹೆತ್ತವರಿಂದ ಅವನಿಗೆ ಬಂದದ್ದು ಏನೂ ಇಲ್ಲ. ಲಾರ್ಚ್‌ನಿಂದ ಒಂದು ಕಸುಬು ಬಂತು.

ರಾತ್ರಿ ಮಲಗುವ ಮುನ್ನ ಲಾರ್ಚ್ ಹುಡುಗರಿಗೆ ಚಾರ್ಲ್ಸ್ ಡಿಕೆನ್ಸ್‌ನ ‘ಡೇವಿಡ್ ಕಾಪರ್‌ಫೀಲ್ಡ್’ ಓದುತ್ತಾನೆ. 1849-50ರಲ್ಲಿ ಕಂತುಗಳಾಗಿ ಬಂದ ಆ ಕಾದಂಬರಿಯ ನಾಯಕನೂ ತಬ್ಬಲಿ. ಡಿಕೆನ್ಸ್ ಸ್ವತಃ ಅನಾಥನಲ್ಲ; ಆದರೆ 1824ರಲ್ಲಿ ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದಾಗ, ಹನ್ನೆರಡರ ಬಾಲಕ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿದಿದ್ದ. ಬಿಟ್ಟುಹೋದರೆಂಬ ಆ ನೋವು ಅವನ ಕಥೆಗಳಲ್ಲಿ ಮತ್ತೆ ಮತ್ತೆ ತಬ್ಬಲಿಗಳನ್ನು ಹುಟ್ಟಿಸಿತು. ಅವನ ಕಥೆಗಳಲ್ಲಿ ಬಹಳ ಸಲ ಕೊನೆಗೊಬ್ಬ ಬಂಧುವೋ ಒಂದು ಆಸ್ತಿಯೋ ಸಿಕ್ಕಿ ಅನಾಥನ ಬಾಳು ನೇರವಾಗುತ್ತದೆ. ಹೋಮರ್‌ಗೆ ಅಂಥ ಗುಟ್ಟಿನ ಬಂಧು ಯಾರೂ ಇಲ್ಲ. ಲಾರ್ಚ್ ಸತ್ತ ಸುದ್ದಿ ಬಂದಾಗ, ಕ್ಯಾಂಡಿ ವಾಲಿಯ ಸೇವೆಗೆ ನಿಂತಾಗ, ಅವನು ಹೊರಟದ್ದು ಹಳೆಯ ದಿಬ್ಬಕ್ಕೆ. ಸುಳ್ಳು ಪದವಿಪತ್ರವನ್ನು ಒಪ್ಪಿಕೊಂಡು ಅಲ್ಲಿಯ ವೈದ್ಯನಾಗುತ್ತಾನೆ. ತನ್ನ ಹೃದಯ ದುರ್ಬಲವೆಂದು ಲಾರ್ಚ್ ಹೇಳಿದ್ದು ತನ್ನನ್ನು ಯುದ್ಧದಿಂದ ಉಳಿಸಲು ಹೇಳಿದ ಸುಳ್ಳು ಎಂದೂ ಆಗ ತಿಳಿಯುತ್ತದೆ. ಹಾಗೆ ಸುಳ್ಳು ಹೇಳಿ ಕಾಪಾಡುವವನನ್ನು ಏನೆಂದು ಕರೆಯಬೇಕೆಂದು ಹೋಮರ್‌ಗೆ ಯಾರೂ ಹೇಳಿಕೊಡಬೇಕಿಲ್ಲ.

ಚಿತ್ರ ಬಂದಾಗ ಅದು ಮುಗಿದುಹೋದ ಕಾಲದ ಕಥೆಯೆಂದು ಅನೇಕರಿಗೆ ಅನಿಸಿತ್ತು. 1973ರ ಜನವರಿ 22ರಂದು ಅಮೆರಿಕದ ಸುಪ್ರೀಂ ಕೋರ್ಟು ‘ರೋ ವಿರುದ್ಧ ವೇಡ್’ ಪ್ರಕರಣದಲ್ಲಿ ಗರ್ಭಪಾತವನ್ನು ಸಂವಿಧಾನದತ್ತ ಹಕ್ಕೆಂದು ಸಾರಿತ್ತು. 2022ರ ಜೂನ್ 24ರಂದು ಅದೇ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿ ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಹಲವು ರಾಜ್ಯಗಳು ನಿಷೇಧ ತಂದವು. ಮೇಯ್ನ್‌ನಲ್ಲಿ ಅದು ಕಾನೂನುಬದ್ಧವಾಗಿಯೇ ಉಳಿದಿದೆ. ಹುಟ್ಟದ ಜೀವದ ಪರ ನಿಂತವರ ಕಳಕಳಿ ಪ್ರಾಮಾಣಿಕವಾದದ್ದೇ. ಚಿತ್ರದ ಮೊದಲರ್ಧದ ಹೋಮರ್ ಅವರಲ್ಲೊಬ್ಬ. ಆದರೆ ನಿಯಮ ಬರೆಯುವವರು ಯಾರು, ಅದರಡಿಯಲ್ಲಿ ಬಾಳುವವರು ಯಾರು ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಎದುರಿಸಬೇಕಾಗುತ್ತದೆ.

ಚಿತ್ರದಲ್ಲಿ ಒಂದೆರಡು ಕ್ಷಣ ಸ್ಟೇಷನ್ ಮಾಸ್ತರನಾಗಿ, ಗಂಟುಮೋರೆ ಹಾಕಿಕೊಂಡು ಕಾಣಿಸಿಕೊಳ್ಳುವವರು ಜಾನ್ ಇರ್ವಿಂಗ್ ಅವರೇ. ದಿಬ್ಬ ಹತ್ತುವವರನ್ನೆಲ್ಲ ಆ ಮಾಸ್ತರ ತೂಗಿನೋಡುತ್ತಾನೆ, ಮೇಲಕ್ಕೆ ಮಾತ್ರ ಹೋಗುವುದಿಲ್ಲ. ಹೋಮರ್ ಅವನನ್ನು ದಾಟಿ ಹತ್ತುತ್ತಾನೆ. ಮೇಲೆ ಮಕ್ಕಳು ಕಾದಿದ್ದಾರೆ. ಆ ರಾತ್ರಿ ಅವರಿಗೆ ಪುಸ್ತಕ ಓದಿ ಹೇಳುವವನು ಅವನೇ.